ಹಳೇ ಕಾಂಬಿ ಬಾಯ್ಲರ್ ಕೈಕೊಟ್ಟಾಗ: ಮೊದಲು ಏನು ನೋಡಬೇಕು, ಎಲ್ಲಿ ಕೈ ಬಿಡಬೇಕು

ಬ್ರಿಟನ್ನಿನಲ್ಲಿರುವ ನಮ್ಮವರ ಮನೆಗಳಲ್ಲಿ ಅಕ್ಟೋಬರ್ ಬಂತೆಂದರೆ ಇದೇ ಗೋಳು. ಹೀಟಿಂಗ್ ಹಾಕಿದರೆ ಬಾಯ್ಲರ್ ಹತ್ತುವುದಿಲ್ಲ. ರೀಸೆಟ್ ಗುಂಡಿ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ, ಆಮೇಲೆ ಬಾಯ್ಲರ್ ಕೆಳಗಿನ ವಾಲ್ವ್ ತಿರುಗಿಸಿ ನೀರು ತುಂಬಿಸುತ್ತಾರೆ. ಎರಡು ದಿನ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಮೂರನೇ ಸಲಕ್ಕೆ ಎಂಜಿನಿಯರ್ ಬರುತ್ತಾನೆ, 'ಏನಾಗಿತ್ತು?' ಅಂತ ಕೇಳುತ್ತಾನೆ. ಹೇಳಲು ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ತಪ್ಪುತ್ತಿರುವುದು ಕ್ರಮ. ರೀಸೆಟ್ ಒತ್ತಿದ ಕೂಡಲೇ ಪರದೆಯ ಮೇಲಿದ್ದ ಕೋಡ್ ಮಾಯ. ನೀರು ತುಂಬಿಸಿದ ಕೂಡಲೇ ಪ್ರೆಶರ್ ಎಷ್ಟಕ್ಕೆ ಇಳಿದಿತ್ತು ಅನ್ನುವುದೂ ಮಾಯ. ರೋಗ ಗೊತ್ತಾಗುವ ಮೊದಲೇ ಗುರುತು ಅಳಿಸಿ ಹಾಕಿದ ಹಾಗೆ. ಹಾಗಾಗಿ ಇಲ್ಲಿ ರೀಸೆಟ್ ಆರನೇ ಹಂತದಲ್ಲಿದೆ. ಅದಕ್ಕಿಂತ ಮುಂಚೆ ನೋಡುವುದು ಬಹಳಷ್ಟಿದೆ.

ಇದು ಪೈಪ್ ಗ್ಯಾಸ್‌ನಲ್ಲಿ ಓಡುವ, ಗೋಡೆಗೆ ಹಾಕಿದ, ಹತ್ತು ವರ್ಷ ದಾಟಿದ ಕಾಂಬಿ ಬಾಯ್ಲರ್‌ಗೆ, ಅಂದರೆ ರೇಡಿಯೇಟರ್ ಮತ್ತು ನಲ್ಲಿಯ ನೀರು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಾಯಿಸುವ ಬಾಯ್ಲರ್‌ಗೆ ಬರೆದದ್ದು. ಮನೆಯಲ್ಲಿ ಬಿಸಿನೀರಿನ ದೊಡ್ಡ ಸಿಲಿಂಡರ್ ಇದ್ದರೆ ನಿಮ್ಮದು ಕಾಂಬಿ ಅಲ್ಲ, ಇದರಲ್ಲಿ ಅರ್ಧ ನಿಮಗೆ ಹೊಂದುವುದಿಲ್ಲ.

ಯಾವಾಗ ಏನನ್ನೂ ಮುಟ್ಟಬಾರದು

ಗ್ಯಾಸ್ ವಾಸನೆ ಬಂದರೆ ಈ ಬರಹ ಬದಿಗಿಡಿ. ಕಿಟಕಿ, ಬಾಗಿಲು ತೆಗೆಯಿರಿ. ಲೈಟಿನ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ಮೀಟರ್ ಪಕ್ಕದ ಗ್ಯಾಸ್ ವಾಲ್ವ್ ಕೈಗೆ ಸಿಗುವಂತಿದ್ದರೆ ಅದರ ಹಿಡಿಯನ್ನು ಪೈಪಿಗೆ ಅಡ್ಡಲಾಗಿ ತಿರುಗಿಸಿ. ಅಡ್ಡ ನಿಂತರೆ ಬಂದ್ ಅಂತ ಅರ್ಥ. ಮೀಟರ್ ನೆಲಮಾಳಿಗೆಯಲ್ಲಿದ್ದು ಅಲ್ಲೇ ವಾಸನೆ ಬರುತ್ತಿದ್ದರೆ ಒಳಗೆ ಹೋಗಬೇಡಿ. ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ, ಹೊರಗಿನಿಂದಲೇ 0800 111 999ಕ್ಕೆ ಫೋನ್ ಮಾಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಇದೇ ನಂಬರ್, ಹಗಲು ರಾತ್ರಿ ಯಾವಾಗ ಬೇಕಾದರೂ.

ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಅದರ ಸುಳಿವು ಬೇರೆ ಥರ. ಮನೆಯಲ್ಲಿದ್ದಾಗ ತಲೆನೋವು, ತಲೆಸುತ್ತು, ವಾಕರಿಕೆ; ಹೊರಗೆ ಹೋದರೆ ಸರಿಹೋಗುತ್ತದೆ. ಬಾಯ್ಲರ್ ಸುತ್ತ ಮಸಿ ಅಥವಾ ಕಂದು ಕಲೆ. ಹಳೇ ಬಾಯ್ಲರ್‌ನ ಗಾಜಿನ ಕಿಂಡಿಯಲ್ಲಿ ನೀಲಿ ಉರಿಯ ಬದಲು ಹಳದಿ ಉರಿ ಓಲಾಡುವುದು. ಇದರಲ್ಲಿ ಯಾವುದೊಂದು ಕಂಡರೂ ಬಾಯ್ಲರ್ ಆರಿಸಿ, ಕಿಟಕಿ ತೆಗೆದು ಹೊರಗೆ ಬನ್ನಿ, ಅದೇ ನಂಬರಿಗೆ ಫೋನ್ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೆ 'ಪೂಜೆಗೆ ಸಾಂಬ್ರಾಣಿ ಹಾಕಿದ್ವಲ್ಲ, ಅದಕ್ಕೇ ಇರಬೇಕು' ಅಂತ ಬ್ಯಾಟರಿ ತೆಗೆದಿಡುವವರಿದ್ದಾರೆ. ದಯವಿಟ್ಟು ಬೇಡ. ಸಾಂಬ್ರಾಣಿಯ ಕೆಂಡದಿಂದಲೂ ಅದೇ ವಿಷಗಾಳಿ ಬರುತ್ತದೆ. ಕಾರಣ ಯಾವುದೇ ಇರಲಿ, ಮೊದಲು ಹೊರಗೆ ಹೋಗಿ.

ಇನ್ನೊಂದು ಗೆರೆ ಹಾಕಿಕೊಳ್ಳಿ. ಮುಂದಿನ ಚಿಕ್ಕ ಫ್ಲ್ಯಾಪ್ ಕೆಳಗೆ ಮಡಚಿ ಗುಂಡಿ ನೋಡುವುದು ಸರಿ. ಸ್ಕ್ರೂ ಬಿಚ್ಚಿ ಇಡೀ ಕವರ್ ತೆಗೆಯುವುದು ತಪ್ಪು. ಎಷ್ಟೋ ಬಾಯ್ಲರ್‌ಗಳಲ್ಲಿ ಆ ಕವರ್ರೇ ಹೊಗೆ ಒಳಗೆ ಬರದಂತೆ ತಡೆಯುವ ಸೀಲ್. ವಾಪಸ್ ಸರಿಯಾಗಿ ಕೂರದಿದ್ದರೆ ವಿಷಗಾಳಿ ಅಡುಗೆಮನೆಗೇ ಬರುತ್ತದೆ. ಗ್ಯಾಸಿಗೆ ಸಂಬಂಧಪಟ್ಟ ಕೆಲಸವನ್ನು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರು ಮಾತ್ರ ಮಾಡಬೇಕು ಅಂತ ಕಾನೂನೇ ಇದೆ.

ಏನೇನು ಬೇಕು

ರೇಡಿಯೇಟರ್ ಕೀ, ಚಪ್ಪಟೆ ತುದಿಯ ಸ್ಕ್ರೂಡ್ರೈವರ್, ಟಾರ್ಚ್, ಹಳೇ ಬಟ್ಟೆ, ಟಿಶ್ಯೂ ಪೇಪರ್, ಬಕೆಟ್, ಲೀಟರ್ ಗುರುತಿರುವ ಜಗ್ಗು, ಥರ್ಮೋಸ್ಟಾಟಿಗೆ ಹೊಸ ಬ್ಯಾಟರಿ. ಬಾಯ್ಲರ್‌ನ ಕೈಪಿಡಿ ಕಳೆದುಹೋಗಿದ್ದರೆ ಫ್ಲ್ಯಾಪ್ ಒಳಗಿನ ಸ್ಟಿಕ್ಕರ್‌ನಲ್ಲಿ ಮಾಡೆಲ್ ಹೆಸರು ನೋಡಿ, ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಒಂದೇ ಕಂಪನಿಯ ಎರಡು ಮಾಡೆಲ್‌ನಲ್ಲಿ ಒಂದೇ ಕೋಡಿಗೆ ಬೇರೆ ಅರ್ಥ ಇರುವುದುಂಟು.

ಹಂತ 1: ಮುಟ್ಟುವ ಮುನ್ನ ನೋಡಿ, ಕೇಳಿಸಿಕೊಳ್ಳಿ

ಫೋನಿನಲ್ಲಿ ಎರಡು ಫೋಟೋ ತೆಗೆಯಿರಿ: ಪರದೆಯ ಕೋಡ್, ಪ್ರೆಶರ್ ಗೇಜ್. ಪರದೆ ಇಲ್ಲದ ಹಳೇ ಮಾಡೆಲ್ ಆದರೆ ಯಾವ ದೀಪ ಉರಿಯುತ್ತಿದೆ, ಯಾವುದು ಮಿಣುಕುತ್ತಿದೆ, ಎಷ್ಟು ಸಲ ಮಿಣುಕುತ್ತಿದೆ ಅಂತ ವಿಡಿಯೋ ಮಾಡಿ.

ಆಮೇಲೆ ಬಾಯ್ಲರ್ ಪಕ್ಕ ನಿಂತು, ಮನೆಯಲ್ಲಿ ಯಾರಿಗಾದರೂ ಬಿಸಿನೀರಿನ ನಲ್ಲಿ ಪೂರ್ತಿ ತಿರುಗಿಸಲು ಹೇಳಿ. ಸರಿಯಿರುವ ಕಾಂಬಿ ಒಂದು ಕ್ರಮದಲ್ಲೇ ಸದ್ದು ಮಾಡುತ್ತದೆ. ಮೊದಲು ಫ್ಯಾನ್ 'ಗುಯ್' ಅಂತ ಏರುತ್ತದೆ. ನಂತರ ಕಿಡಿ: ಟಿಕ್ ಟಿಕ್ ಟಿಕ್. ಅದರ ನಡುವೆ ಗ್ಯಾಸ್ ವಾಲ್ವ್ ತೆರೆಯುವ ಒಂದು ಸಣ್ಣ 'ಕ್ಲಕ್'. ಕೊನೆಗೆ ಉರಿ ಹತ್ತಿಕೊಳ್ಳುವ ಮೆತ್ತನೆಯ 'ಭುಸ್'. ಎಲ್ಲಿ ನಿಂತಿತು ಅನ್ನುವುದೇ ಸುಳಿವು. ಫ್ಯಾನೇ ತಿರುಗಲಿಲ್ಲವಾ? ಕರೆಂಟ್, ಫ್ಯಾನ್, ಅಥವಾ ನಲ್ಲಿ ತೆರೆದದ್ದೇ ಬಾಯ್ಲರಿಗೆ ಗೊತ್ತಾಗಿಲ್ಲ. ಫ್ಯಾನ್ ತಿರುಗಿ ಕಿಡಿ ಬರಲಿಲ್ಲವಾ? ಹಳೇ ಮಾಡೆಲ್‌ಗಳಲ್ಲಿ ಗಾಳಿಯ ಸ್ವಿಚ್ ಅಥವಾ ಹೊಗೆಕೊಳವೆಯ ತೊಂದರೆ ಇರಬಹುದು. ಟಿಕ್ ಟಿಕ್ ಬಂದು ಉರಿ ಬರಲಿಲ್ಲವಾ? ಗ್ಯಾಸ್ ಬರುತ್ತಿಲ್ಲ, ಇಲ್ಲವೇ ಕಿಡಿ ಸರಿಯಾದ ಜಾಗಕ್ಕೆ ಬೀಳುತ್ತಿಲ್ಲ. ಹತ್ತಿ ಎರಡೇ ಕ್ಷಣಕ್ಕೆ ಆರಿತಾ? ಉರಿ ಇದೆ ಅಂತ ಗುರುತಿಸುವ ಕಡ್ಡಿ ಕೊಳೆಯಾಗಿರಬಹುದು. ಈ ಸದ್ದನ್ನು ರೆಕಾರ್ಡ್ ಮಾಡಿಟ್ಟರೆ ಎಂಜಿನಿಯರ್‌ಗೆ ಅರ್ಧ ಕೆಲಸ ಮುಗಿದ ಹಾಗೆ.

ಇದೇ ಹೊತ್ತಿಗೆ ಇನ್ನೊಂದು ವಿಷಯವೂ ತೀರ್ಮಾನ ಆಗುತ್ತದೆ. ನಲ್ಲಿಯಲ್ಲಿ ಬಿಸಿನೀರು ಚೆನ್ನಾಗಿ ಬಂತು, ಹೀಟಿಂಗ್ ಮಾತ್ರ ಬರುತ್ತಿಲ್ಲ ಅಂದರೆ ಗ್ಯಾಸ್, ಕಿಡಿ, ಫ್ಯಾನ್ ಎಲ್ಲ ಸರಿಯಿದೆ. ನೀವು ಹುಡುಕಬೇಕಾದದ್ದು ಥರ್ಮೋಸ್ಟಾಟ್, ಟೈಮರ್, ರೇಡಿಯೇಟರ್ ಕಡೆ. ಹೀಟಿಂಗ್ ಬರುತ್ತಿದೆ, ನಲ್ಲಿ ನೀರು ತಣ್ಣಗಿದೆ ಅಂದರೆ ಸೀದಾ ಏಳನೇ ಹಂತಕ್ಕೆ ಹೋಗಿ. ಎರಡೂ ಇಲ್ಲ ಅಂದರೆ ಮುಂದಿನ ಹಂತದಿಂದ ಸಾಲಾಗಿ ಬನ್ನಿ.

ಹಂತ 2: ಗ್ಯಾಸ್, ಕರೆಂಟ್, ಥರ್ಮೋಸ್ಟಾಟ್

ಗ್ಯಾಸ್ ಒಲೆ ಹಚ್ಚಿ ನೋಡಿ. ಅದೂ ಉರಿಯದಿದ್ದರೆ ಬಾಯ್ಲರ್ ತಪ್ಪಲ್ಲ. ಪ್ರೀಪೇಮೆಂಟ್ ಮೀಟರ್‌ನಲ್ಲಿ ದುಡ್ಡು ಮುಗಿದಿರಬಹುದು. ಟಾಪ್ಅಪ್ ಮಾಡಿದ ಮೇಲೂ ಕೆಲವು ಮೀಟರ್‌ನಲ್ಲಿ ಗುಂಡಿ ಒತ್ತಿ ಗ್ಯಾಸ್ ಮತ್ತೆ ಬಿಡಬೇಕು. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಬಾಯ್ಲರ್ ಪರದೆಯೇ ಕತ್ತಲಾಗಿದ್ದರೆ ಅದರ ಪಕ್ಕದ ಸ್ವಿಚ್ ನೋಡಿ. ಅದರಲ್ಲಿ ಸಾಮಾನ್ಯವಾಗಿ 3 ಆಂಪ್ ಫ್ಯೂಸ್ ಇರುತ್ತದೆ. ಸ್ವಿಚ್ ಆರಿಸಿ, ಚಿಕ್ಕ ಮುಚ್ಚಳ ಎಳೆದು ಫ್ಯೂಸ್ ಬದಲಾಯಿಸಬಹುದು. ಹೊಸದೂ ತಕ್ಷಣ ಸುಟ್ಟರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ. ಆಗ ಮನೆಯಲ್ಲಿ ಬಿದ್ದಿರುವ 13 ಆಂಪ್ ಫ್ಯೂಸ್ ಹಾಕುವ ಜಾಣತನ ಬೇಡ. ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ.

ಥರ್ಮೋಸ್ಟಾಟ್ ಗೋಡೆ ಮೇಲಿದ್ದರೆ ಬ್ಯಾಟರಿ ಬದಲಾಯಿಸಿ, ಬೇಕಾದ ಬಿಸಿಯನ್ನು ಕೋಣೆಯ ಈಗಿನ ಬಿಸಿಗಿಂತ ಐದು ಡಿಗ್ರಿ ಮೇಲೆ ಇಡಿ. 'ಟಿಕ್' ಅಂತ ಕೇಳಿಸಬೇಕು, ಅಥವಾ ಉರಿಯ ಚಿತ್ರ ಬರಬೇಕು. ಮಾರ್ಚ್ ಕೊನೆಗೆ, ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದಲ್ಲ, ಹಳೇ ಟೈಮರ್‌ಗಳಿಗೆ ಅದು ತಾನಾಗಿ ಗೊತ್ತಾಗುವುದಿಲ್ಲ. ಬಾಯ್ಲರ್‌ನ ಒಂದು ಗುಂಡಿಯಲ್ಲಿ ನಲ್ಲಿಯ ಚಿತ್ರ ಮಾತ್ರ, ಇನ್ನೊಂದರಲ್ಲಿ ನಲ್ಲಿ ಮತ್ತು ರೇಡಿಯೇಟರ್ ಎರಡೂ ಇರುತ್ತದೆ. ಬೇಸಿಗೆಯಲ್ಲಿ ನಲ್ಲಿಗೆ ತಿರುಗಿಸಿದ್ದು ಹಾಗೇ ಉಳಿದಿರುವುದು ಸರ್ವೇಸಾಮಾನ್ಯ.

ಹಂತ 3: ಪ್ರೆಶರ್ ನೋಡಿ, ಬೇಕಿದ್ದರೆ ಒಂದು ಸಲ ತುಂಬಿಸಿ

ಬಾಯ್ಲರ್ ತಣ್ಣಗಿರುವಾಗ ಗೇಜ್ 1ರಿಂದ 1.5 ಬಾರ್ ತೋರಿಸಬೇಕು. ಕಾದಾಗ 2ರ ಹತ್ತಿರ ಹೋದರೆ ಪರವಾಗಿಲ್ಲ. 0.5ಕ್ಕಿಂತ ಕೆಳಗೆ ಇಳಿದರೆ ಬಹುತೇಕ ಬಾಯ್ಲರ್ ಹತ್ತಲು ಒಪ್ಪುವುದಿಲ್ಲ. ವೇಲಂಟ್ ಕಂಪನಿಯ ಬಾಯ್ಲರ್‌ನಲ್ಲಿ ಎಫ್.22 ಕೋಡ್, ಐಡಿಯಲ್ ಲಾಜಿಕ್‌ನಲ್ಲಿ ಎಫ್1, ಬ್ಯಾಕ್ಸಿಯ ಹಳೇ ಮಾಡೆಲ್‌ಗಳಲ್ಲಿ ಇ119 ಬಂದರೆ ನೀರಿನ ಪ್ರೆಶರ್ ಕಡಿಮೆ ಅಂತ.

ಒಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ಈ ಪ್ರೆಶರ್ ರೇಡಿಯೇಟರ್‌ನಲ್ಲಿ ಸುತ್ತುವ ನೀರಿನದ್ದು. ಸ್ನಾನದ ನೀರು ಬೇರೆ ದಾರಿ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಅಂತ ಗೇಜ್ ಏರಿಸಿದರೆ ಏನೂ ಉಪಯೋಗವಿಲ್ಲ.

ತುಂಬಿಸುವ ಕ್ರಮ ಹೀಗೆ:

1. ಬಾಯ್ಲರ್ ಆರಿಸಿ, ತಣ್ಣಗಾಗಲು ಬಿಡಿ. ಕಾದ ಬಾಯ್ಲರ್‌ಗೆ ತಣ್ಣೀರು ನುಗ್ಗಿಸಬಾರದು.

2. ಕೆಳಗೆ ಬಗ್ಗಿ ನೋಡಿ. ಉಕ್ಕಿನ ಹೆಣಿಗೆಯ ಬೆಳ್ಳಿ ಬಣ್ಣದ ಹೋಸ್ ಕಾಣುತ್ತದೆ, ಅದರ ಎರಡು ತುದಿಗೂ ವಾಲ್ವ್. ಅದೇ ಫಿಲ್ಲಿಂಗ್ ಲೂಪ್. ಕೆಲವರ ಮನೆಯಲ್ಲಿ ಹೋಸ್ ಬಿಚ್ಚಿ ಪಕ್ಕದಲ್ಲಿ ತೂಗುಹಾಕಿರುತ್ತಾರೆ, ಎರಡೂ ಕಡೆ ಕೈಯಿಂದ ಬಿಗಿಯಾಗಿ ಸೇರಿಸಿ. ಕೆಲವು ವೂಸ್ಟರ್ ಬಾಯ್ಲರ್‌ಗಳಲ್ಲಿ ಹೋಸ್ ಇರುವುದಿಲ್ಲ, ಪ್ಲಾಸ್ಟಿಕ್ ಕೀ ಇರುತ್ತದೆ. ಅದಕ್ಕೆ ಕೈಪಿಡಿಯ ಚಿತ್ರ ನೋಡಿಯೇ ಮಾಡಿ.

3. ಒಂದು ವಾಲ್ವ್ ಪೂರ್ತಿ ತೆರೆಯಿರಿ. ಸ್ಕ್ರೂಡ್ರೈವರ್ ಹಾಕುವ ಗೀರು ಪೈಪಿನ ಉದ್ದಕ್ಕೆ ನಿಂತರೆ ತೆರೆದಿದೆ, ಅಡ್ಡ ನಿಂತರೆ ಮುಚ್ಚಿದೆ.

4. ಇನ್ನೊಂದನ್ನು ಗೇಜ್ ನೋಡುತ್ತಾ ನಿಧಾನ ತೆರೆಯಿರಿ. 'ಸುಸ್' ಅಂತ ನೀರು ಹೋಗುವುದು ಕೇಳಿಸುತ್ತದೆ. ಮುಳ್ಳು 1.2 ಮುಟ್ಟಿದಾಗ ನಿಲ್ಲಿಸಿ.

5. ಎರಡೂ ವಾಲ್ವ್ ಮುಚ್ಚಿ. ಬಟ್ಟೆ ಹಿಡಿದು ಹೋಸ್ ಒಂದು ತುದಿ ಬಿಚ್ಚಿ. ನಿಯಮದ ಪ್ರಕಾರ ಅದು ಸದಾ ಸೇರಿಕೊಂಡಿರಬಾರದು. ಬಿಚ್ಚಿದಾಗ ಹನಿಯುತ್ತಿದ್ದರೆ ವಾಲ್ವ್ ಪೂರ್ತಿ ಮುಚ್ಚಿಲ್ಲ.

ಐದನೆಯದನ್ನೇ ಜನ ಮರೆಯುವುದು. ವಾಲ್ವ್ ಸ್ವಲ್ಪ ತೆರೆದಿದ್ದರೂ ರಾತ್ರಿಯಿಡೀ ನೀರು ಒಳಗೆ ಹೋಗುತ್ತದೆ, ಬೆಳಗ್ಗೆ ಗೇಜ್ 3ರಲ್ಲಿ ನಿಂತಿರುತ್ತದೆ, ಹೊರಗಿನ ಗೋಡೆಯಲ್ಲಿ ನೀರು ಸುರಿಯುತ್ತಿರುತ್ತದೆ. ಜಾಸ್ತಿ ತುಂಬಿಸಿಬಿಟ್ಟಿದ್ದರೆ ಗಾಬರಿ ಬೇಡ, ಒಂದು ರೇಡಿಯೇಟರ್‌ನಿಂದ ಬಕೆಟ್ಟಿಗೆ ನೀರು ಬಿಟ್ಟು ಇಳಿಸಿ. ನೀರು ಹೋಗುವ ಸದ್ದು ಕೇಳಿಸುತ್ತಿದೆ, ಮುಳ್ಳು ಮಾತ್ರ ಅಲ್ಲಾಡುತ್ತಿಲ್ಲ ಅಂದರೆ ಕೂಡಲೇ ನಿಲ್ಲಿಸಿ. ಗೇಜ್ ಸಿಕ್ಕಿಕೊಂಡಿರಬಹುದು.

ವರ್ಷಕ್ಕೆ ಒಂದೆರಡು ಸಲ ತುಂಬಿಸುವುದು ಸಹಜ. ವಾರಕ್ಕೊಮ್ಮೆ ತುಂಬಿಸುತ್ತಿದ್ದೀರಿ ಅಂದರೆ ಅದು ರಿಪೇರಿ ಅಲ್ಲ. ಪ್ರತಿ ಸಲವೂ ಹೊಸ ನೀರಿನ ಜೊತೆ ಆಮ್ಲಜನಕ ಒಳಗೆ ಹೋಗುತ್ತದೆ, ರೇಡಿಯೇಟರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಆ ತುಕ್ಕು ತಡೆಯಲು ಹಾಕಿದ್ದ ಔಷಧಿಯೂ ತೆಳ್ಳಗಾಗುತ್ತದೆ.

ಹಂತ 4: ಪ್ರೆಶರ್ ಮತ್ತೆ ಮತ್ತೆ ಬಿದ್ದರೆ

ಹಳೇ ಕಾಂಬಿಯಲ್ಲಿ ಅತಿ ಹೆಚ್ಚು ದುಡ್ಡು ಪೋಲಾಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನ. ಒಂದು ಚೀಟಿ ಬಾಯ್ಲರಿಗೆ ಅಂಟಿಸಿ. ಬೆಳಗ್ಗೆ ತಣ್ಣಗಿರುವಾಗ ಒಂದು ಸಲ, ಹೀಟಿಂಗ್ ಅರ್ಧ ಗಂಟೆ ಓಡಿದ ಮೇಲೆ ಒಂದು ಸಲ ಗೇಜ್ ಬರೆದಿಡಿ. ನಾಲ್ಕೈದು ದಿನ ಸಾಕು. ಮೂರರಲ್ಲಿ ಒಂದು ಚಿತ್ರ ಮೂಡುತ್ತದೆ.

ಮೊದಲನೆಯದು, ಕಾದಾಗ ಮುಳ್ಳು ಸರ್ರನೆ 3ರ ಹತ್ತಿರ ಏರುತ್ತದೆ, ತಣ್ಣಗಾದಾಗ ಸೊನ್ನೆಗೆ ಬೀಳುತ್ತದೆ. ಇದು ಎಕ್ಸ್‌ಪ್ಯಾನ್ಶನ್ ವೆಸಲ್‌ನ ತೊಂದರೆ. ಅದೊಂದು ಉಕ್ಕಿನ ಡಬ್ಬಿ, ನಡುವೆ ರಬ್ಬರ್ ಪರದೆ, ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. 100 ಲೀಟರ್ ನೀರು 10 ಡಿಗ್ರಿಯಿಂದ 70 ಡಿಗ್ರಿಗೆ ಕಾದರೆ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಆ ಹೆಚ್ಚುವರಿಗೆ ಜಾಗ ಕೊಡುವುದು ಈ ಗಾಳಿಯೇ. ವರ್ಷಗಳು ಕಳೆದಂತೆ ಗಾಳಿ ಸೋರಿಹೋಗುತ್ತದೆ. ಆಗ ನೀರಿಗೆ ಜಾಗವಿಲ್ಲ, ಪ್ರೆಶರ್ 3 ಬಾರ್ ಮುಟ್ಟುತ್ತದೆ, ಸೇಫ್ಟಿ ವಾಲ್ವ್ ತೆರೆದು ನೀರನ್ನು ಹೊರಗೆ ಚೆಲ್ಲುತ್ತದೆ. ನೀವು ಬೆಳಗ್ಗೆ ತುಂಬಿಸುತ್ತೀರಿ, ಅದು ಸಂಜೆ ಚೆಲ್ಲುತ್ತದೆ.

ಎರಡನೆಯದು, ಕಾದಾಗ ಸರಿಯಾಗಿಯೇ ಇದೆ, ಆದರೂ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಹೊರಗಿನ ಗೋಡೆಗೆ ಹೋಗಿ ನೋಡಿ. 15 ಮಿಲಿಮೀಟರಿನ ತಾಮ್ರದ ಪೈಪೊಂದು ಗೋಡೆಯಿಂದ ಬಂದು ಮತ್ತೆ ಗೋಡೆಯ ಕಡೆಗೇ ಬಾಗಿರುತ್ತದೆ. ಅದು ಸೇಫ್ಟಿ ವಾಲ್ವ್‌ನ ಬಾಯಿ. ಅದಕ್ಕೆ ಒಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ರಬ್ಬರ್ ಬ್ಯಾಂಡ್‌ನಲ್ಲಿ ಸಿಕ್ಕಿಸಿ, ಮರುದಿನ ನೋಡಿ. ಬಿಗಿಯಾಗಿ ಕಟ್ಟಬೇಡಿ, ಬಾಯಿ ಮುಚ್ಚಬೇಡಿ, ಬಾಯ್ಲರ್ ಓಡುವಾಗ ಮುಖ ಹತ್ತಿರ ಒಯ್ಯಬೇಡಿ. ಅಲ್ಲಿಂದ ಬರುವುದು ಕುದಿಯುವಂಥ ನೀರು. ಚೀಲದಲ್ಲಿ ನೀರಿದ್ದರೆ ವಾಲ್ವ್ ಹನಿಸುತ್ತಿದೆ.

ಮೂರನೆಯದು, ಚೀಲ ಒಣಗಿದೆ, ಪ್ರೆಶರ್ ಮಾತ್ರ ಬೀಳುತ್ತಿದೆ. ಹಾಗಾದರೆ ಮನೆಯೊಳಗೇ ಎಲ್ಲೋ ಸೋರುತ್ತಿದೆ. ಪ್ರತಿ ರೇಡಿಯೇಟರ್‌ನ ಎರಡು ಕಡೆಯ ವಾಲ್ವ್ ನಟ್ಟುಗಳಿಗೆ ಒಣ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಹನಿಯೂ ಪೇಪರಿಗೆ ಗೊತ್ತಾಗುತ್ತದೆ. ತಾಮ್ರದ ಮೇಲೆ ಹಸಿರು ಪಾಚಿಯಂಥ ಕಲೆ, ಕಾರ್ಪೆಟ್ ಮೇಲೆ ಕಂದು ಗುರುತು, ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ಮಂಕು ವೃತ್ತ ಇವೆಲ್ಲ ಗುರುತುಗಳು. ಎಲ್ಲೂ ಇಲ್ಲ ಅಂದರೆ ನೆಲದಡಿಯ ಪೈಪು, ಇಲ್ಲವೇ ಬಾಯ್ಲರ್ ಒಳಗೆ.

ಈಗ ದುಡ್ಡಿನ ವಿಷಯ. ಸೇಫ್ಟಿ ವಾಲ್ವ್ ಒಂದು ಸಲ ತೆರೆದರೆ ಅದರ ಬಾಯಲ್ಲಿ ತುಕ್ಕಿನ ಕಣ ಸಿಕ್ಕಿಕೊಂಡು ಆಮೇಲೆ ಪೂರ್ತಿ ಮುಚ್ಚದೇ ಇರಬಹುದು. ಅದು ಹನಿಯುವುದನ್ನು ನೋಡಿ ವಾಲ್ವ್ ಮಾತ್ರ ಬದಲಾಯಿಸಿ ಹೋಗುವವರಿದ್ದಾರೆ. ವೆಸಲ್‌ನಲ್ಲಿ ಗಾಳಿ ಇಲ್ಲದಿದ್ದರೆ ಹೊಸ ವಾಲ್ವೂ ಅದೇ ಗತಿ. ಉಲ್ಟಾ ಕೂಡ ನಿಜ: ವೆಸಲ್‌ಗೆ ಗಾಳಿ ತುಂಬಿ ವಾಲ್ವ್ ಹಾಗೇ ಬಿಟ್ಟರೆ ಹನಿ ನಿಲ್ಲುವುದಿಲ್ಲ. ಹಾಗಾಗಿ ಎಂಜಿನಿಯರ್‌ನ ಕೇಳಿ, 'ಎರಡನ್ನೂ ನೋಡಿದಿರಾ?' ಅಂತ. ಸೋರಿಕೆ ಮುಚ್ಚುವ ದ್ರವ ಬಾಟಲಿಯಲ್ಲಿ ಸಿಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಹಳೇ ಕಾಂಬಿಗೆ ಅದು ಬೇಡ. ಒಳಗಿನ ದಾರಿಗಳೇ ಸಣ್ಣ, ಅದರಲ್ಲಿ ಇನ್ನೊಂದು ಅಂಟು ಯಾಕೆ?

ಹಂತ 5: ಹಿಮ ಬಿದ್ದ ಬೆಳಗ್ಗೆ ನಿಂತರೆ

ಹಿಂದಿನ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಿತ್ತಾ? ಬಾಯ್ಲರ್ ಹತ್ತಲು ನೋಡಿ 'ಗುಳು ಗುಳು' ಅಂದು ನಿಲ್ಲುತ್ತಿದೆಯಾ? ಹಾಗಾದರೆ ಕಂಡೆನ್ಸೇಟ್ ಪೈಪ್ ಹೆಪ್ಪುಗಟ್ಟಿದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಏಪ್ರಿಲ್ 2005ರಿಂದ ಹಾಕಿದ ಹೆಚ್ಚುಕಡಿಮೆ ಎಲ್ಲಾ ಬಾಯ್ಲರ್ ಕಂಡೆನ್ಸಿಂಗ್ ಥರದವು. ಹೊಗೆಯಲ್ಲಿನ ನೀರಾವಿ ತಣಿದು ನೀರಾಗಿ ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಆ ಪೈಪ್ ಹೊರಗೋಡೆಯಲ್ಲಿದ್ದು, ಬರೀ 21.5 ಮಿಲಿಮೀಟರಿನದ್ದಾಗಿದ್ದರೆ ಹನಿಹನಿಯಾಗಿ ಹೋಗುವ ನೀರು ಅಲ್ಲೇ ಮಂಜುಗಡ್ಡೆ. ನೀರು ವಾಪಸ್ ಬಾಯ್ಲರಿಗೆ ಏರುತ್ತದೆ, ಅದು ತಾನೇ ಆಫ್ ಆಗುತ್ತದೆ.

ಇದು ನೀವೇ ಸರಿಮಾಡಬಹುದಾದ ತೊಂದರೆ. ಹೊರಗೆ ಹೋಗಿ ಆ ಪೈಪ್ ಹುಡುಕಿ. ಹೆಪ್ಪುಗಟ್ಟುವುದು ಸಾಮಾನ್ಯವಾಗಿ ಮೊಣಕೈಯಂತೆ ಬಾಗಿದ ಕಡೆ ಅಥವಾ ಚರಂಡಿ ಹತ್ತಿರದ ತುದಿಯಲ್ಲಿ. ಕೈ ತಡೆಯುವಷ್ಟು ಬಿಸಿಯಾದ ನೀರನ್ನು ಜಗ್ಗಿನಿಂದ ಪೈಪಿನ ಮೇಲೆ ಸುರಿಯಿರಿ, ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಒಡೆಯುತ್ತದೆ. ಬಿಸಿನೀರಿನ ರಬ್ಬರ್ ಚೀಲ ಇದ್ದರೆ ಬಾಗಿದ ಜಾಗಕ್ಕೆ ಸುತ್ತಿಡಿ. ಕೆಳಗೆ ಬಿದ್ದ ನೀರು ಹತ್ತು ನಿಮಿಷದಲ್ಲಿ ಗಾಜಿನಂತೆ ಹೆಪ್ಪುಗಟ್ಟುತ್ತದೆ, ಉಪ್ಪು ಎರಚಿ. ಪೈಪ್ ಮಹಡಿ ಎತ್ತರದಲ್ಲಿದ್ದರೆ ಹಿಮದಲ್ಲಿ ಏಣಿ ಹತ್ತಬೇಡಿ, ಅಲ್ಲಿಗೆ ಬಿಟ್ಟುಬಿಡಿ.

ಕರಗಿದ ಮೇಲೆ ಒಂದು ಸಲ ರೀಸೆಟ್. ಪ್ರತಿ ವರ್ಷ ಹೀಗಾಗುತ್ತಿದ್ದರೆ 32 ಮಿಲಿಮೀಟರಿನ ಪೈಪ್ ಹಾಕಿಸಿ, ಮಳೆ ನೀರು ಹೀರದ ಕವಚ ಸುತ್ತಿಸಿ. ಹಿಮವೇ ಇಲ್ಲದ ದಿನ ಇದೇ ಗುಳುಗುಳು ಬಂದರೆ ಕಸ ಕಟ್ಟಿಕೊಂಡಿದೆ. ಅದು ಸರ್ವಿಸ್ ಮಾಡುವವರ ಕೆಲಸ.

ಹಂತ 6: ಈಗ ರೀಸೆಟ್

ಗ್ಯಾಸ್ ಇದೆ, ಕರೆಂಟ್ ಇದೆ, ಪ್ರೆಶರ್ 1.2 ಇದೆ, ಹೊರಗಿನ ಪೈಪ್ ಹೆಪ್ಪುಗಟ್ಟಿಲ್ಲ. ಆದರೂ ವೇಲಂಟ್ ಎಫ್.28 ಅನ್ನುತ್ತಿದೆ, ವೂಸ್ಟರ್ ಇಎ ಅನ್ನುತ್ತಿದೆ, ಐಡಿಯಲ್ ಎಲ್2, ಬ್ಯಾಕ್ಸಿ ಇ133. ಇವೆಲ್ಲ ಸರಿಸುಮಾರು ಒಂದೇ ಮಾತು: ಉರಿ ಹತ್ತಲಿಲ್ಲ, ಅಥವಾ ಹತ್ತಿದ್ದು ಗೊತ್ತಾಗಲಿಲ್ಲ.

ರೀಸೆಟ್ ಗುಂಡಿಯನ್ನು ಕೈಪಿಡಿ ಹೇಳಿದಷ್ಟು ಹೊತ್ತು ಒತ್ತಿ ಬಿಡಿ. ಹತ್ತದಿದ್ದರೆ ಐದು ನಿಮಿಷ ಕಾದು ಇನ್ನೊಂದು ಸಲ. ಅಷ್ಟೇ. ಬಾಯ್ಲರ್ ತಾನೇ ಬೀಗ ಹಾಕಿಕೊಳ್ಳುವುದು ಉರಿಯದ ಗ್ಯಾಸ್ ಒಳಗೆ ತುಂಬದಿರಲಿ ಅಂತ. ಹತ್ತು ಸಲ ರೀಸೆಟ್ ಮಾಡುವುದು ಅಂದರೆ ಹತ್ತು ಸಲ ಆ ಬೀಗ ಮುರಿದ ಹಾಗೆ. ಕೊನೆಗೆ ಹತ್ತಿದರೂ 'ಧಡ್' ಅಂತ ಜೋರು ಸದ್ದಿನೊಂದಿಗೆ ಹತ್ತಿತು ಅಂದರೆ ತಕ್ಷಣ ಆರಿಸಿ, ಮತ್ತೆ ಹಚ್ಚಬೇಡಿ.

ಕಿಡಿ ಕಡ್ಡಿ, ಗ್ಯಾಸ್ ವಾಲ್ವ್, ಫ್ಯಾನ್, ಸರ್ಕಿಟ್ ಬೋರ್ಡ್ ಇವೆಲ್ಲ ಕವರ್ ಒಳಗಿವೆ. ಯೂಟ್ಯೂಬ್ ನೋಡಿ ಕವರ್ ಬಿಚ್ಚುವ ಆಸೆ ಬಂದರೆ ಮೇಲೆ ಹಾಕಿದ ಗೆರೆ ನೆನಪಿರಲಿ.

ಹಂತ 7: ಬಿಸಿನೀರಿನ ತಕರಾರು

ಕಾಂಬಿ ನೀರು ಕೂಡಿಡುವುದಿಲ್ಲ. ಊರಿನ ಬಚ್ಚಲ ಹಂಡೆಯಂತೆ ಕಾಯಿಸಿಟ್ಟ ನೀರು ಅದರಲ್ಲಿಲ್ಲ. ನೀರು ಹರಿಯುವಾಗಲೇ ಕಾಯಬೇಕು, ಹರಿಯುವುದು ಅದಕ್ಕೆ ಗೊತ್ತಾಗಬೇಕು. ನಮ್ಮವರಿಗೆ ಬಕೆಟ್ ಸ್ನಾನದ ಅಭ್ಯಾಸ. ಬಕೆಟ್ ನಿಧಾನ ತುಂಬಲಿ ಅಂತ ನಲ್ಲಿಯನ್ನು ಸಣ್ಣಗೆ ಬಿಡುತ್ತಾರೆ. ನಿಮಿಷಕ್ಕೆ ಎರಡು, ಎರಡೂವರೆ ಲೀಟರಿಗಿಂತ ಕಡಿಮೆ ಹರಿದರೆ ಎಷ್ಟೋ ಬಾಯ್ಲರ್ ಹತ್ತುವುದೇ ಇಲ್ಲ. ನಲ್ಲಿ ಜೋರಾಗಿ ಬಿಟ್ಟು ನೋಡಿ, ಬಹುಶಃ ಇಲ್ಲಿಗೇ ಮುಗಿಯುತ್ತದೆ.

ಜೋರಾಗಿ ಬಿಟ್ಟರೂ ಸಾಲದು ಅನಿಸಿದರೆ ಜಗ್ಗು ಹಿಡಿದು ಅಳೆಯಿರಿ. 24 ಕಿಲೋವಾಟ್ ಬಾಯ್ಲರ್ ನಿಮಿಷಕ್ಕೆ ಹತ್ತಿರ ಹತ್ತಿರ 10 ಲೀಟರ್ ನೀರನ್ನು 35 ಡಿಗ್ರಿಯಷ್ಟು ಏರಿಸಬಲ್ಲದು. ಬೇಸಿಗೆಯಲ್ಲಿ ಬೀದಿಯ ನೀರು 15 ಡಿಗ್ರಿ ಇದ್ದಾಗ ಅದು 50 ಆಗುತ್ತದೆ. ಜನವರಿಯಲ್ಲಿ 5 ಡಿಗ್ರಿ ಇದ್ದಾಗ 40 ಅಷ್ಟೇ. ಇದು ಕೆಟ್ಟದ್ದಲ್ಲ, ಅದರ ಶಕ್ತಿಯೇ ಅಷ್ಟು. ನಲ್ಲಿ ಸ್ವಲ್ಪ ತಿರುಗಿಸಿ ಹರಿವು ಕಡಿಮೆ ಮಾಡಿದರೆ ಬಿಸಿ ಏರುತ್ತದೆ.

ಶವರ್ ಮಾತ್ರ ತಣ್ಣಗಿದ್ದು ಅಡುಗೆಮನೆ ನಲ್ಲಿ ಬಿಸಿಯಾಗಿದ್ದರೆ ಬಾಯ್ಲರನ್ನು ಬೈಯಬೇಡಿ. ಶವರ್‌ನೊಳಗಿನ ಬಿಸಿ-ತಣ್ಣೀರು ಬೆರೆಸುವ ಕಾರ್ಟ್ರಿಜ್ ಕೆಟ್ಟಿದೆ.

ನೀರು ಬಿಸಿ, ತಣ್ಣಗೆ, ಮತ್ತೆ ಬಿಸಿ ಅಂತ ಅಲೆಅಲೆಯಾಗಿ ಬಂದರೆ ನಿಮ್ಮೂರಿನ ನೀರು ಎಂಥದ್ದು ಅಂತ ಯೋಚಿಸಿ. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ನೀರು ಗಡಸು. ಕೆಟಲ್ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ಬಾಯ್ಲರ್ ಒಳಗೆ ನಲ್ಲಿಯ ನೀರಿಗೆ ಕಾವು ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ನಲ್ಲೂ ಕಟ್ಟುತ್ತದೆ. ನೀರಿಗೆ ಕಾವು ದಾಟುವುದಿಲ್ಲ, ಬಾಯ್ಲರ್ ತಾನೇ ಅತಿ ಬಿಸಿಯಾಗಿ ಆರುತ್ತದೆ, ತಣಿದು ಮತ್ತೆ ಹತ್ತುತ್ತದೆ. ಎಂಜಿನಿಯರ್ ಅದನ್ನು ತೊಳೆಯಬಹುದು, ಇಲ್ಲವೇ ಬದಲಾಯಿಸಬೇಕು. ಸ್ಕಾಟ್ಲೆಂಡಿನ ಮೆದು ನೀರಿನಲ್ಲಿ ಇದೇ ಲಕ್ಷಣ ಕಂಡರೆ ಸುಣ್ಣಕ್ಕಿಂತ ಸೆನ್ಸರ್ ಅಥವಾ ರೇಡಿಯೇಟರ್ ಕೆಸರಿನ ಮೇಲೆ ಅನುಮಾನ ಜಾಸ್ತಿ.

ಕಾವನ್ನು ನಲ್ಲಿಯ ಕಡೆಗೋ ರೇಡಿಯೇಟರ್ ಕಡೆಗೋ ತಿರುಗಿಸುವುದು ಡೈವರ್ಟರ್ ವಾಲ್ವ್. ಅದು ಕೆಟ್ಟಿದೆಯಾ ಅಂತ ಪತ್ತೆಹಚ್ಚುವುದು ಸುಲಭ. ಹೀಟಿಂಗ್ ಆರಿಸಿ, ಬಿಸಿನೀರಿನ ನಲ್ಲಿ ಐದು ನಿಮಿಷ ಬಿಡಿ. ಬಾಯ್ಲರಿಗೆ ಹತ್ತಿರದ ರೇಡಿಯೇಟರ್ ಮುಟ್ಟಿ ನೋಡಿ. ಅದು ಬೆಚ್ಚಗಾಗುತ್ತಿದ್ದರೆ ಕಾವು ಎರಡೂ ಕಡೆ ಹಂಚಿಹೋಗುತ್ತಿದೆ, ವಾಲ್ವ್ ನಡುವೆ ಸಿಕ್ಕಿಕೊಂಡಿದೆ. ಹೀಟಿಂಗ್ ಹಾಕಿದಾಗ ಮಾತ್ರ ಬಿಸಿನೀರು ಬರುತ್ತದೆ ಅನ್ನುವುದೂ ಇದರದ್ದೇ ಲಕ್ಷಣ.

ಯಾರೂ ನಲ್ಲಿ ಬಿಡದಿದ್ದರೂ ಬಾಯ್ಲರ್ ಆಗಾಗ ತಾನೇ ಹತ್ತಿ ಆರುತ್ತಿದೆ ಅಂತ ಹೆದರುವವರಿದ್ದಾರೆ. ಅದು ಪ್ರೀಹೀಟ್, ಬಿಸಿನೀರು ಬೇಗ ಸಿಗಲಿ ಅಂತ. ಬೇಡವಾದರೆ ಇಕೋ ಗುಂಡಿ ಒತ್ತಿ.

ಹಂತ 8: ರೇಡಿಯೇಟರ್

ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಗಾಳಿ. ಹೀಟಿಂಗ್ ಆರಿಸಿ, ತಣಿಯಲು ಬಿಡಿ. ಕೆಳಮಹಡಿಯಿಂದ ಶುರುಮಾಡಿ. ಮೇಲ್ತುದಿಯ ಚೌಕ ಗುಬುಟಿಗೆ ಕೀ ಹಾಕಿ ಎಡಕ್ಕೆ ಅರ್ಧ ಸುತ್ತು. ಪೂರ್ತಿ ಬಿಚ್ಚಿದರೆ ಸ್ಕ್ರೂ ಕೈಗೆ ಬಂದು ಕಪ್ಪು ನೀರು ಗೋಡೆಗೆ ಹಾರುತ್ತದೆ. 'ಹುಸ್' ನಿಂತು ನೀರು ಬಂದ ಕೂಡಲೇ ಮುಚ್ಚಿ. ಎಲ್ಲ ಮುಗಿದ ಮೇಲೆ ಗೇಜ್ ನೋಡುವುದನ್ನು ಮರೆಯಬೇಡಿ. ಗಾಳಿ ಹೋದಷ್ಟೂ ಪ್ರೆಶರ್ ಇಳಿದಿರುತ್ತದೆ, ಮೂರನೇ ಹಂತದಂತೆ 1.2ಕ್ಕೆ ತನ್ನಿ. ಪದೇಪದೇ ಒಂದೇ ರೇಡಿಯೇಟರ್‌ನಲ್ಲಿ 'ಗಾಳಿ' ತುಂಬುತ್ತಿದ್ದರೆ ಅದು ತುಕ್ಕಿನಿಂದ ಹುಟ್ಟುವ ಹೈಡ್ರೋಜನ್ ಇರಬಹುದು. ಬೆಂಕಿ ಹತ್ತಿರ ತರಬೇಡಿ, ತುಕ್ಕು ತಡೆಯುವ ಔಷಧಿ ಹಾಕಿಸಿ.

ಕೆಳಗೆ ತಣ್ಣಗೆ, ಮೇಲೆ ಬಿಸಿ ಇದ್ದರೆ ಕಪ್ಪು ಕೆಸರು ಕೂತಿದೆ. ಕೀ ಹಾಕಿ ಪ್ರಯೋಜನವಿಲ್ಲ, ತೊಳೆಸಬೇಕು.

ಒಂದೇ ಒಂದು ಪೂರ್ತಿ ತಣ್ಣಗಿದೆಯಾ? ನಂಬರ್ ಇರುವ ಬಿರಡೆಯನ್ನು ಕೈಯಿಂದ ಬಿಚ್ಚಿ ತೆಗೆಯಿರಿ. ಒಳಗೊಂದು ಸಣ್ಣ ಪಿನ್ ಇದೆ. ಬೇಸಿಗೆಯಿಡೀ ಅಲ್ಲಾಡದೆ ಅದು ಒಳಗೇ ಸಿಕ್ಕಿಕೊಂಡಿರುತ್ತದೆ. ಸ್ಪ್ಯಾನರಿನ ಹಿಂಬದಿಯಿಂದ ಮೆಲ್ಲಗೆ ಒತ್ತಿ ಬಿಡಿ, ಸ್ಪ್ರಿಂಗಿನಂತೆ ಮೇಲೆ ಬರಬೇಕು. ಇಕ್ಕಳ ಹಾಕಿ ಎಳೆದರೆ ಪಿನ್ನೇ ಕಿತ್ತು ಬಂದು ನೀರು ಚಿಮ್ಮುತ್ತದೆ.

ಹಂತ 9: ಎಂಜಿನಿಯರ್ ಕರೆಯುವಾಗ

ಬಾಡಿಗೆ ಮನೆಯಾದರೆ ಮೊದಲು ಓನರ್‌ಗೆ ಇಮೇಲ್ ಮಾಡಿ. ಫೋನ್ ಮಾತಿಗೆ ದಾಖಲೆ ಇರುವುದಿಲ್ಲ. ಹೀಟಿಂಗ್, ಬಿಸಿನೀರಿನ ವ್ಯವಸ್ಥೆ ಸರಿಯಾಗಿಡುವುದು ಇಂಗ್ಲೆಂಡಿನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ ಪ್ರಕಾರ, ವೇಲ್ಸ್‌ನಲ್ಲಿ 2016ರ ರೆಂಟಿಂಗ್ ಹೋಮ್ಸ್ (ವೇಲ್ಸ್) ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಓನರ್ ಹೊಣೆ. ವರ್ಷಕ್ಕೊಮ್ಮೆ ಗ್ಯಾಸ್ ಸುರಕ್ಷತೆ ತಪಾಸಣೆ ಮಾಡಿಸಿ ಅದರ ಪ್ರತಿ ನಿಮಗೆ ಕೊಡಬೇಕು. ಇಂಗ್ಲೆಂಡಿನಲ್ಲಿ 1 ಅಕ್ಟೋಬರ್ 2022ರಿಂದ ಜನ ಇರುವ ಕೋಣೆಯಲ್ಲಿ ಗ್ಯಾಸ್ ಬಾಯ್ಲರ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸುವುದೂ ಅವರದ್ದೇ ಕೆಲಸ. ನೀವೇ ದುಡ್ಡು ಕೊಟ್ಟು ಆಮೇಲೆ ಕೇಳೋಣ ಅಂದುಕೊಂಡರೆ ಕೇಳುತ್ತಲೇ ಇರಬೇಕಾಗುತ್ತದೆ.

ಬಂದವರ ಗ್ಯಾಸ್ ಸೇಫ್ ಕಾರ್ಡ್ ಕೇಳಿ ನೋಡಿ, ಸಂಕೋಚ ಬೇಡ. ಮುಂದೆ ಫೋಟೋ, ಲೈಸೆನ್ಸ್ ನಂಬರ್, ಮುಗಿಯುವ ದಿನಾಂಕ. ಹಿಂದೆ ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಪಟ್ಟಿ. ಒಲೆಗೆ ಅರ್ಹತೆ ಇದ್ದು ಬಾಯ್ಲರ್‌ಗೆ ಇಲ್ಲದಿರಬಹುದು. ನಂಬರನ್ನು ರಿಜಿಸ್ಟರ್‌ನ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು.

ಮೊದಲ ಹಂತದ ಫೋಟೋ, ಸದ್ದಿನ ವಿಡಿಯೋ, ನಾಲ್ಕನೇ ಹಂತದ ಪ್ರೆಶರ್ ಚೀಟಿ ತೋರಿಸಿ. 'ಬೋರ್ಡ್ ಹೋಗಿದೆ' ಅಂದರೆ ಯಾವ ಟೆಸ್ಟ್ ಮಾಡಿ ಹಾಗೆ ಅಂದಿರಿ ಅಂತ ಕೇಳಿ. ಬೋರ್ಡ್ ದುಬಾರಿ, ಅನುಮಾನದ ಮೇಲೆ ಬದಲಾಯಿಸುವ ವಸ್ತು ಅಲ್ಲ. ಅದರ ಮೇಲೆ ನೀರು ಹನಿದು ಕೆಟ್ಟಿದ್ದರೆ ಆ ನೀರು ಎಲ್ಲಿಂದ ಬಂತು ಅಂತಲೂ ತೋರಿಸಲು ಹೇಳಿ. ಇಲ್ಲದಿದ್ದರೆ ಹೊಸ ಬೋರ್ಡಿಗೂ ಅದೇ ಸ್ನಾನ.

ರಿಪೇರಿ ಆಗುವವರೆಗೆ ಕರೆಂಟ್ ಹೀಟರ್ ಹಾಕುವುದಾದರೆ ನೇರ ಗೋಡೆಯ ಸಾಕೆಟ್ಟಿಗೆ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡಿಗೆ ಬೇಡ. ಗ್ಯಾಸ್ ಒಲೆ ಅಥವಾ ಓವನ್ ಹಚ್ಚಿಟ್ಟು ಮನೆ ಬೆಚ್ಚಗೆ ಮಾಡಬೇಡಿ, ಬಾರ್ಬೆಕ್ಯೂ ಕೆಂಡವನ್ನಂತೂ ಒಳಗೆ ತರಲೇಬೇಡಿ.